ಚೆನ್ನಾಗಿ ಆಡುವವರನ್ನೆಲ್ಲ ಮಾರಿ ತಂಡ ಕಟ್ಟುವುದು ಹೇಗೆ? ವೈಟ್ ಸಾಕ್ಸ್ ಅಭಿಮಾನಿಯ ತಂದೆಗೆ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ನಾವು ಮೈಸೂರಿನವರು, ಈಗ ಚಿಕಾಗೊ ಹತ್ತಿರ ನೇಪರ್‌ವಿಲ್‌ನಲ್ಲಿದ್ದೇವೆ. ನಾನು ಕ್ರಿಕೆಟ್ ನೋಡಿ ಬೆಳೆದವನು, ಬೇಸ್‌ಬಾಲ್ ಕಲಿತದ್ದು ಮಗನಿಂದ. ಚಿಕಾಗೊದ ಎರಡು ತಂಡಗಳಲ್ಲಿ ಅವನ ಗೆಳೆಯರೆಲ್ಲ ಕಬ್ಸ್ ಕಡೆ. ಇವನು ಮಾತ್ರ ಹಟ ಹಿಡಿದು ವೈಟ್ ಸಾಕ್ಸ್. 2024ರಲ್ಲಿ ಆ ತಂಡ 121 ಪಂದ್ಯ ಸೋತಿತು, 2025ರಲ್ಲಿ 102. ಇದ್ದವರಲ್ಲಿ ಚೆನ್ನಾಗಿ ಆಡುವವನನ್ನೇ ಹುಡುಕಿ ಮಾರುತ್ತಾರೆ. ಡಿಲನ್ ಸೀಸ್ ಹೋದ, ಗ್ಯಾರೆಟ್ ಕ್ರೋಶೆ ಹೋದ, 2026ರ ಜನವರಿಯಲ್ಲಿ ಲೂಯಿಸ್ ರಾಬರ್ಟ್ ಕೂಡ ನ್ಯೂಯಾರ್ಕ್ ಮೆಟ್ಸ್‌ಗೆ ಹೋದ. ಅದಕ್ಕೆ ಸ್ವಲ್ಪ ಮುಂಚೆ ಜಪಾನಿನಿಂದ ಮುರಕಾಮಿಯನ್ನು 34 ಮಿಲಿಯನ್ ಡಾಲರ್ ಕೊಟ್ಟು ತಂದಿದ್ದಾರೆ. ದುಡ್ಡಿಲ್ಲ ಅಂದರೆ ಇದು ಎಲ್ಲಿಂದ ಬಂತು? ಬೇಕಂತಲೇ ಸೋಲುತ್ತಿದ್ದಾರಾ? ನಮ್ಮ ಆರ್‌ಸಿಬಿ ಒಂದೇ ಹರಾಜಿನಲ್ಲಿ ತಂಡ ಬದಲಾಯಿಸಿ ಕಪ್ ಗೆದ್ದಿತಲ್ಲ, ಇವರಿಗೇಕೆ ಆಗುವುದಿಲ್ಲ? ಇನ್ನೊಂದು ಸಣ್ಣ ಪ್ರಶ್ನೆ: ಮಗ ಹೊಸ ಜೆರ್ಸಿ ಕೇಳುತ್ತಿದ್ದಾನೆ. ಯಾರ ಹೆಸರಿನದು ಕೊಡಿಸಲಿ? ಕೊಡಿಸಿದ ಮರುವರ್ಷವೇ ಅವನನ್ನೂ ಮಾರಿಬಿಟ್ಟರೆ ಮನೆಯಲ್ಲಿ ರಂಪ.

ಉತ್ತರ: ಪ್ರಶ್ನೆಗಳು ನಾಲ್ಕಿದ್ದರೂ ನಿಮ್ಮ ಸಂಕಟ ಒಂದೇ. ಇವರು ನಿಜವಾಗಿ ತಂಡ ಕಟ್ಟುತ್ತಿದ್ದಾರೋ, ಕಟ್ಟುತ್ತಿದ್ದೇವೆ ಅಂತ ಹೇಳಿಕೊಂಡು ಕಾಲ ತಳ್ಳುತ್ತಿದ್ದಾರೋ? ನಾನು ಆಟಗಾರರ ಏಜೆಂಟರ ಕಡೆ ಕೂತು ಸಂಬಳದ ಲೆಕ್ಕ ಹಾಕುವ ಕೆಲಸ ಮಾಡಿದವನು. ಅಂದರೆ ತಂಡಗಳ ಎದುರು ಪಾರ್ಟಿ. ಮಾಲೀಕರ ಪರ ವಕಾಲತ್ತು ವಹಿಸುವ ಆಸೆ ನನಗಿಲ್ಲ. ಆದರೂ ಹೇಳುತ್ತೇನೆ, ಮಾರಿದ್ದರಲ್ಲಿ ನೀವು ಅಂದುಕೊಂಡಷ್ಟು ತಪ್ಪಿಲ್ಲ. ಯಾವಾಗ ಮಾರಿದರು ಅನ್ನುವುದರಲ್ಲಿ ತಪ್ಪಿದೆ. ಮಾರಿದ ಮೇಲೆ ಏನು ಮಾಡುತ್ತಾರೆ ಅನ್ನುವುದರ ಬಗ್ಗೆ ನನಗೂ ಅನುಮಾನ ಇದೆ.

ಮೊದಲು ಆರ್‌ಸಿಬಿ ವಿಷಯ ಮುಗಿಸೋಣ. ಐಪಿಎಲ್‌ನಲ್ಲಿ ಮೂರು ವರ್ಷಕ್ಕೊಮ್ಮೆ ಹೆಚ್ಚುಕಮ್ಮಿ ಎಲ್ಲ ಆಟಗಾರರೂ ಹರಾಜಿಗೆ ವಾಪಸ್ ಬರುತ್ತಾರೆ. ಎಲ್ಲ ತಂಡಗಳ ಜೇಬಿನಲ್ಲೂ ಒಂದೇ ಮೊತ್ತ. 2025ರ ಸೀಸನ್‌ಗೆ ಅದು 120 ಕೋಟಿ ಇತ್ತು. ಆರ್‌ಸಿಬಿ ಕೊಹ್ಲಿ, ಪಾಟೀದಾರ್, ಯಶ್ ದಯಾಳ್ ಮೂವರನ್ನು ಉಳಿಸಿಕೊಂಡು ಮಿಕ್ಕವರನ್ನು ಹೊಸದಾಗಿ ಕೊಂಡಿತು, ಆ ವರ್ಷವೇ ಗೆದ್ದಿತು. ಬೇಸ್‌ಬಾಲ್‌ನಲ್ಲಿ ಅಂಥ ಹರಾಜು ಇಲ್ಲವೇ ಇಲ್ಲ. ತಂಡಕ್ಕೆ ಇಷ್ಟೇ ಖರ್ಚು ಮಾಡಬೇಕು ಅನ್ನುವ ಮಿತಿಯೂ ಇಲ್ಲ. 2026ಕ್ಕೆ 244 ಮಿಲಿಯನ್ ಡಾಲರ್ ದಾಟಿದರೆ ದಂಡದ ತೆರಿಗೆ ಕಟ್ಟಬೇಕು, ಅಷ್ಟೇ. ಲಾಸ್ ಏಂಜಲೀಸ್ ಡಾಡ್ಜರ್ಸ್‌ನಂಥವರು ನಗುತ್ತಾ ಕಟ್ಟುತ್ತಾರೆ.

ಇಲ್ಲಿ ಆಟಗಾರ ಮೊದಲ ಆರು ವರ್ಷ ತಂಡದ ಕೈಯಲ್ಲೇ ಇರುತ್ತಾನೆ. ಇದನ್ನು ಹಿಡಿದುಕೊಂಡರೆ ಮಿಕ್ಕಿದ್ದೆಲ್ಲ ಅರ್ಥವಾಗುತ್ತದೆ. ಮೇಜರ್ ಲೀಗ್‌ನಲ್ಲಿ 172 ದಿನ ಇದ್ದರೆ ಒಂದು ವರ್ಷದ ಸರ್ವಿಸ್. ಮೊದಲ ಮೂರು ವರ್ಷ ಹೆಚ್ಚುಕಮ್ಮಿ ಕನಿಷ್ಠ ಸಂಬಳ, 2026ಕ್ಕೆ ಅದು 7,80,000 ಡಾಲರ್. ಮುಂದಿನ ಮೂರು ವರ್ಷ ಆರ್ಬಿಟ್ರೇಷನ್, ಅಂದರೆ ಸಂಬಳಕ್ಕೆ ಪಂಚಾಯಿತಿ. ಆರು ವರ್ಷ ತುಂಬಿದ ಮೇಲೆ ಫ್ರೀ ಏಜೆಂಟ್, ಯಾರು ಹೆಚ್ಚು ಕೊಡುತ್ತಾರೋ ಅವರ ಕಡೆ. ಹಾಗಾಗಿ ಆಟಗಾರರನ್ನು ಕೊಳ್ಳುವ, ಮಾರುವ ಜನರಲ್ ಮ್ಯಾನೇಜರ್ ಆಟಗಾರನನ್ನು ನೋಡುವಾಗ ಬ್ಯಾಟಿಂಗ್ ಅಂಕಿಗಿಂತ ಮೊದಲು ಇನ್ನೊಂದು ಅಂಕಿ ನೋಡುತ್ತಾನೆ: ಇವನು ನಮ್ಮ ಬಳಿ ಇನ್ನೆಷ್ಟು ವರ್ಷ?

ಆರ್ಬಿಟ್ರೇಷನ್ ಅಂದೆನಲ್ಲ, ಅದರ ಒಳಗು ಹೊರಗಿನವರಿಗೆ ಕಾಣುವುದಿಲ್ಲ. ಹೋಟೆಲಿನ ಮೀಟಿಂಗ್ ರೂಮು. ಮೂವರು ಪಂಚರು. ಆಟಗಾರನ ಕಡೆಯವರು ಒಂದು ಮೊತ್ತ ಬರೆದುಕೊಟ್ಟಿರುತ್ತಾರೆ, ತಂಡದವರು ಇನ್ನೊಂದು. ಪಂಚರು ಎರಡರಲ್ಲಿ ಒಂದನ್ನು ಎತ್ತಿಕೊಳ್ಳಬೇಕು. ನಡುವಿನ ಮೊತ್ತ ಕೊಡುವ ಅಧಿಕಾರ ಅವರಿಗಿಲ್ಲ. ಎರಡೂ ಕಡೆಗೆ ಒಂದೊಂದು ಗಂಟೆ ವಾದಕ್ಕೆ, ಆಮೇಲೆ ಅರ್ಧರ್ಧ ಗಂಟೆ ಉತ್ತರಕ್ಕೆ. ಇಷ್ಟೇ ಸರ್ವಿಸ್ ಇದ್ದಾಗ ಇಷ್ಟೇ ಹೋಮ್‌ರನ್ (ಇಲ್ಲಿನ ಸಿಕ್ಸರ್) ಹೊಡೆದ ಬೇರೆ ಆಟಗಾರ ಎಷ್ಟು ಪಡೆದ ಅನ್ನುವ ಹೋಲಿಕೆಗಳ ದಪ್ಪ ಫೈಲು ನಮ್ಮ ಕೈಯಲ್ಲಿ. ಆಟಗಾರ ಎದುರಿಗೇ ಕೂತಿರುತ್ತಾನೆ. ಅವನದೇ ತಂಡದ ವಕೀಲ ಅವನಿಗೆ ಏನೇನು ಬರುವುದಿಲ್ಲ ಅಂತ ಒಂದೊಂದಾಗಿ ಓದುತ್ತಾನೆ. ಕಳೆದ ತಿಂಗಳಷ್ಟೇ ಬೆನ್ನು ತಟ್ಟಿದವರು ಇವರೇ. ಆ ರೂಮಿನಿಂದ ಹೊರಗೆ ಬಂದವನು ಆಮೇಲೆ ತಂಡದ ಮೇಲಿನ ಪ್ರೀತಿಗೆ ಕಡಿಮೆ ದುಡ್ಡಿಗೆ ಒಪ್ಪಿಕೊಳ್ಳುತ್ತಾನೆ ಅಂತ ಯಾರೂ ಕನಸು ಕಾಣಬಾರದು.

ಈಗ ಕ್ರೋಶೆ. ಅವನು ಪಿಚರ್, ಅಂದರೆ ಇಲ್ಲಿನ ಬೌಲರ್. 2024ರಲ್ಲಿ ಆ ಕೆಟ್ಟ ತಂಡದಲ್ಲಿ ಅವನೊಬ್ಬನೇ ಬೆಳಕು. 146 ಇನಿಂಗ್ಸ್‌ನಲ್ಲಿ 209 ಸ್ಟ್ರೈಕ್‌ಔಟ್, ಅಂದರೆ ಅಷ್ಟು ಬ್ಯಾಟರ್‌ಗಳನ್ನು ಅವನೇ ಔಟ್ ಮಾಡಿದ. ಆದರೆ ಡಿಸೆಂಬರ್ ಹೊತ್ತಿಗೆ ವೈಟ್ ಸಾಕ್ಸ್ ಬಳಿ ಅವನು ಉಳಿದಿದ್ದು ಎರಡೇ ವರ್ಷ, 2025 ಮತ್ತು 2026. ಆ ಎರಡು ವರ್ಷದಲ್ಲಿ ತಂಡ ಪ್ಲೇಆಫ್‌ಗೆ ಹೋಗುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಮೇಲಾಗಿ ಅವನ ಮೊಣಕೈಗೆ 2022ರಲ್ಲಿ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಆಗಿತ್ತು. ಇನ್ನೊಂದು ಸಲ ಕೈ ಕೊಟ್ಟರೆ ಕೈಯಲ್ಲಿರುವುದು ಸೊನ್ನೆ. ಬಾಸ್ಟನ್‌ಗೆ ಕೊಟ್ಟು ನಾಲ್ವರನ್ನು ತಂದರು: ಕ್ಯಾಚರ್ (ನಮ್ಮ ವಿಕೆಟ್‌ಕೀಪರ್ ಇದ್ದ ಹಾಗೆ) ಕೈಲ್ ಟೀಲ್, ಔಟ್‌ಫೀಲ್ಡರ್ ಬ್ರೇಡನ್ ಮಾಂಟ್‌ಗೊಮರಿ, ಇನ್‌ಫೀಲ್ಡರ್ ಚೇಸ್ ಮೈಡ್ರಾತ್, ಪಿಚರ್ ವಿಕಲ್‌ಮನ್ ಗೊನ್ಸಾಲೆಸ್. ಕ್ರೋಶೆ 2025ರಲ್ಲಿ ಬಾಸ್ಟನ್‌ಗೆ 18 ಪಂದ್ಯ ಗೆದ್ದುಕೊಟ್ಟ, 255 ಸ್ಟ್ರೈಕ್‌ಔಟ್ ಮಾಡಿದ. ನಿಮ್ಮ ಮಗನಿಗೆ ಹೊಟ್ಟೆ ಉರಿದಿರುತ್ತದೆ, ಸಹಜ. ಆದರೆ ಅವನು ಚಿಕಾಗೊದಲ್ಲೇ ಇದ್ದಿದ್ದರೆ ಆಗುತ್ತಿದ್ದದ್ದೇನು? 60 ಗೆಲುವಿನ ಬದಲು 65. ಟೀಲ್ ಮತ್ತು ಮೈಡ್ರಾತ್ ಈಗಾಗಲೇ ದಿನಾ ಆಡುವ ಆಟಗಾರರು. ಈ ವ್ಯಾಪಾರದಲ್ಲಿ ವೈಟ್ ಸಾಕ್ಸ್ ಮೋಸ ಹೋಗಿಲ್ಲ.

ಅವನನ್ನೇ ದೊಡ್ಡ ಒಪ್ಪಂದ ಕೊಟ್ಟು ಉಳಿಸಿಕೊಳ್ಳಬಹುದಿತ್ತಲ್ಲ ಅಂತ ಕೇಳಿದರೆ, ಹೌದು, ಅದು ಸರಿಯಾದ ಪ್ರಶ್ನೆ. ಬಾಸ್ಟನ್ ಅವನಿಗೆ ಆರು ವರ್ಷಕ್ಕೆ 170 ಮಿಲಿಯನ್ ಕೊಟ್ಟಿತು. ಸೀಸ್‌ಗೆ 2025ರ ಚಳಿಗಾಲದಲ್ಲಿ ಟೊರಾಂಟೊ ಏಳು ವರ್ಷಕ್ಕೆ 210 ಮಿಲಿಯನ್ ಕೊಟ್ಟಿತು. ವೈಟ್ ಸಾಕ್ಸ್ ತನ್ನ ಇತಿಹಾಸದಲ್ಲಿ ಒಬ್ಬ ಆಟಗಾರನಿಗೆ ಕೊಟ್ಟ ಅತಿ ದೊಡ್ಡ ಒಪ್ಪಂದ ಆಂಡ್ರ್ಯೂ ಬೆನಿನ್‌ಟೆಂಡಿಯದು, ಐದು ವರ್ಷಕ್ಕೆ 75 ಮಿಲಿಯನ್. ನೂರು ಮಿಲಿಯನ್ ಯಾರಿಗೂ ಕೊಟ್ಟಿಲ್ಲ. ಅಮೆರಿಕದ ಮೂರನೇ ದೊಡ್ಡ ನಗರದ ತಂಡ ಇದು. ಇಲ್ಲಿ ಮಾತ್ರ ನಿಮ್ಮ ಸಿಟ್ಟಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ.

ಹಾಗಂತ ಇವರು ದುಡ್ಡೇ ಬಿಚ್ಚಲಿಲ್ಲ ಅನ್ನುವುದೂ ಸುಳ್ಳು. 2022ರಲ್ಲಿ ಸುಮಾರು 190 ಮಿಲಿಯನ್ ಸಂಬಳ ಕೊಟ್ಟು 81 ಗೆದ್ದರು, 81 ಸೋತರು. 121 ಸೋಲಿನ ವರ್ಷವೂ ಲೀಗ್‌ನಲ್ಲಿ ಅತಿ ಕಡಿಮೆ ಖರ್ಚಿನ ತಂಡ ಇದಾಗಿರಲಿಲ್ಲ. ಯೋಆನ್ ಮೊಂಕಾಡಾ ಒಬ್ಬನಿಗೇ ಆ ವರ್ಷ 24 ಮಿಲಿಯನ್ ಚಿಲ್ಲರೆ ಹೋಯಿತು. ಗಾಯದಿಂದ ಅವನು ಆಡಿದ್ದು 12 ಪಂದ್ಯ. ತಂಡ ಕೆಟ್ಟಿದ್ದು ಖರ್ಚು ಕಮ್ಮಿ ಮಾಡಿ ಅಂತ ಹೇಳುವವರು ಈ ಲೆಕ್ಕ ನೋಡಬೇಕು. ಹಾಕಿದ ದುಡ್ಡು ಹಾಕಿದ ಜಾಗದಲ್ಲಿ ಬೆಳೆಯಲಿಲ್ಲ.

ಬೇಕಂತಲೇ ಸೋಲುತ್ತಾರೆ ಅನ್ನುವ ಮಾತು ಹುಟ್ಟಿದ್ದು ಹ್ಯೂಸ್ಟನ್‌ನಿಂದ. ಆಸ್ಟ್ರೋಸ್ 2011ರಿಂದ ಸತತ ಮೂರು ವರ್ಷ ನೂರಕ್ಕಿಂತ ಹೆಚ್ಚು ಪಂದ್ಯ ಸೋತಿತು, 2017ರಲ್ಲಿ ವರ್ಲ್ಡ್ ಸೀರೀಸ್, ಅಂದರೆ ಲೀಗ್‌ನ ಕಪ್, ಗೆದ್ದಿತು. ಆಗ ಕೊನೇ ಸ್ಥಾನದ ತಂಡಕ್ಕೆ ಡ್ರಾಫ್ಟ್‌ನಲ್ಲಿ (ಹೊಸ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಕ್ರಮ) ಮೊದಲ ಆಯ್ಕೆ ಕಟ್ಟಿಟ್ಟ ಬುತ್ತಿ. ಆ ದಾರಿಯನ್ನು ಲೀಗ್ ಆಟಗಾರರ ಸಂಘದ ಜೊತೆಗಿನ 2022ರ ಒಪ್ಪಂದದಲ್ಲಿ ಮುಚ್ಚಿತು. ಈಗ ಲಾಟರಿ. ಕೆಳಗಿನ ಮೂರು ತಂಡಗಳಿಗೂ ಸಮಾನ ಅವಕಾಶ. ಇನ್ನೂ ಒಂದು ಷರತ್ತಿದೆ. ದೊಡ್ಡ ಮಾರುಕಟ್ಟೆಯ ತಂಡಗಳಿಗೆ ಸತತ ಎರಡು ವರ್ಷ ಲಾಟರಿ ಆಯ್ಕೆ ಸಿಗುವುದಿಲ್ಲ. ವೈಟ್ ಸಾಕ್ಸ್‌ಗೆ 2024ರ ಡ್ರಾಫ್ಟ್‌ನಲ್ಲಿ 5ನೇ ಆಯ್ಕೆ ಸಿಕ್ಕಿತ್ತು. ಹಾಗಾಗಿ 121 ಸೋತ ಮೇಲೆ 2025ರಲ್ಲಿ ಸಿಕ್ಕಿದ್ದು 10ನೇದು! 1900ರ ನಂತರದ ಅತಿ ಹೆಚ್ಚು ಸೋಲಿನ ದಾಖಲೆ ಮಾಡಿ ಹತ್ತನೇ ಸಾಲಿನಲ್ಲಿ ನಿಂತರು. ಬೇಕಂತಲೇ ಸೋಲುವವನಿಗೆ ಇದಕ್ಕಿಂತ ಕೆಟ್ಟ ಕೂಲಿ ಇಲ್ಲ. ಆಮೇಲೆ ಅದೃಷ್ಟ ತಿರುಗಿತು, 2025ರ ಡಿಸೆಂಬರ್‌ನ ಲಾಟರಿಯಲ್ಲಿ 2026ರ ಮೊದಲ ಆಯ್ಕೆ ಅವರ ಪಾಲಿಗೆ ಬಂತು. ಅದರ ಮೇಲೂ ಜಾಸ್ತಿ ಭಾರ ಹಾಕಬೇಡಿ. ಅದೇ ಹ್ಯೂಸ್ಟನ್ 2013ರಲ್ಲಿ ಮೊದಲ ಆಯ್ಕೆಯಾಗಿ ತೆಗೆದುಕೊಂಡ ಮಾರ್ಕ್ ಆಪೆಲ್ ಆ ತಂಡಕ್ಕೆ ಒಂದು ಪಂದ್ಯವನ್ನೂ ಆಡಲಿಲ್ಲ.

ಹಾಗಾದರೆ ಇವರು ಇಷ್ಟು ಕೆಳಗೆ ಬಿದ್ದದ್ದು ಹೇಗೆ? ಇದಕ್ಕೆ ಹಿಂದಿನ ಕಥೆ ಬೇಕು. ಇದು ಇವರ ಮೊದಲ ಮಾರಾಟ ಅಲ್ಲ. 2016ರ ಡಿಸೆಂಬರ್‌ನಲ್ಲಿ ಕ್ರಿಸ್ ಸೇಲ್‌ನನ್ನು ಬಾಸ್ಟನ್‌ಗೆ ಕೊಟ್ಟು ಮೊಂಕಾಡಾ, ಕೋಪೆಕ್ ಮುಂತಾದವರನ್ನು ತಂದರು. ಮರುದಿನವೇ ಆಡಂ ಈಟನ್‌ನನ್ನು ಕೊಟ್ಟು ಮೂವರು ಪಿಚರ್‌ಗಳನ್ನು ತಂದರು. ಮುಂದಿನ ಬೇಸಿಗೆಯಲ್ಲಿ ಕಿಂಟಾನಾ ಕಬ್ಸ್‌ಗೆ ಹೋದ, ಎಲೋಯ್ ಹಿಮೆನೆಸ್ ಮತ್ತು ಇದೇ ಸೀಸ್ ಬಂದರು. ಪತ್ರಿಕೆಗಳೆಲ್ಲ ಹಾಡಿ ಹೊಗಳಿದವು. 2018ರಲ್ಲಿ 100 ಸೋಲು ಸಹಿಸಿಕೊಂಡರು. 2020ರಲ್ಲಿ ಪ್ಲೇಆಫ್, 2021ರಲ್ಲಿ 93 ಗೆಲುವು. ಎರಡು ಸಲವೂ ಮೊದಲ ಸುತ್ತಿನಲ್ಲೇ ಮನೆಗೆ. ಅಷ್ಟಕ್ಕೇ ಮುಗಿಯಿತು. 2023ರಲ್ಲಿ 101 ಸೋಲು, ಜನರಲ್ ಮ್ಯಾನೇಜರ್ ರಿಕ್ ಹಾನ್ ಮತ್ತು ಅವರ ಮೇಲಿದ್ದ ಕೆನ್ ವಿಲಿಯಮ್ಸ್ ಇಬ್ಬರೂ ಮನೆಗೆ.

ನನ್ನ ಲೆಕ್ಕದಲ್ಲಿ ಆಗ ಕೆಟ್ಟಿದ್ದು ಮಾರಾಟ ಅಲ್ಲ, ಆಮೇಲಿನ ಕೆಲಸ. ಕೊಂಡುತಂದ ಏಳೆಂಟು ಹುಡುಗರ ಮೇಲೆಯೇ ಇಡೀ ತಂಡ ನಿಂತಿತ್ತು. ಅವರಿಗೆ ಗಾಯವಾದರೆ ಬದಲಿಗೆ ಕೆಳಗಿನಿಂದ ಬರುವವರು ಇರಲಿಲ್ಲ. ಗಾಯ ಆಗಿಯೇ ಆಯಿತು, ಮೊಂಕಾಡಾ, ಹಿಮೆನೆಸ್, ರಾಬರ್ಟ್ ಮೂವರಿಗೂ ಮತ್ತೆ ಮತ್ತೆ. ರೈಟ್ ಫೀಲ್ಡ್‌ನಲ್ಲಿ ವರ್ಷಾನುಗಟ್ಟಲೆ ಸಿಕ್ಕಸಿಕ್ಕವರನ್ನು ನಿಲ್ಲಿಸಿದರು. ಬ್ಯಾಟಿಂಗ್ ಸಾಲಿನಲ್ಲಿ ಬಲಗೈ ಬ್ಯಾಟರ್‌ಗಳೇ ಜಾಸ್ತಿ. ಗೆಲ್ಲುವ ಹೊತ್ತು ಬಂದಾಗ ಎಲ್ಲಿ ಖರ್ಚು ಮಾಡಬೇಕಿತ್ತೋ ಅಲ್ಲಿ ಕೈ ಹಿಡಿದರು.

ಈ ಟ್ರೇಡ್‌ಗಳ, ಅಂದರೆ ಆಟಗಾರರ ಅದಲುಬದಲಿನ, ಸರಪಳಿ ಹೇಗಿರುತ್ತದೆ ನೋಡಿ. 2016ರಲ್ಲಿ ಈಟನ್ ಕೊಟ್ಟಾಗ ಬಂದವರಲ್ಲಿ ಲೂಕಸ್ ಜಿಯೊಲಿಟೊ ಮತ್ತು ರೆನಾಲ್ಡೊ ಲೋಪೆಸ್ ಇದ್ದರು. 2023ರ ಜುಲೈನಲ್ಲಿ ಆ ಇಬ್ಬರನ್ನೂ ಏಂಜಲ್ಸ್‌ಗೆ ಕೊಟ್ಟಾಗ ಬಂದವನು ಕ್ಯಾಚರ್ ಎಡ್ಗರ್ ಕೆರೊ. ಅವನು 2025ರಲ್ಲಿ ಟೀಲ್ ಜೊತೆ ಹೊತ್ತು ಹಂಚಿಕೊಂಡು ಆಡಿದ. ಒಂದು ಟ್ರೇಡ್ ಸರಿಯೋ ತಪ್ಪೋ ಅಂತ ಮರುದಿನವೇ ತೀರ್ಪು ಕೊಡುವ ಟಿವಿ ಮಂದಿಯನ್ನು ನಾನು ಹೆಚ್ಚು ಹಚ್ಚಿಕೊಳ್ಳುವುದಿಲ್ಲ.

ಬ್ಯಾಟರ್ ಮಿಗೆಲ್ ವಾರ್ಗಸ್ ವಿಷಯವೂ ಹಾಗೇ. 2024ರ ಜುಲೈನಲ್ಲಿ ಫೆಡಿ, ಕೋಪೆಕ್, ಫ್ಯಾಮ್ ಮೂವರನ್ನೂ ಒಟ್ಟಿಗೆ ಕಳಿಸಿ ಅವನನ್ನೂ ಇನ್ನಿಬ್ಬರು ಹುಡುಗರನ್ನೂ ತಂದಾಗ ಊರೆಲ್ಲ ನಕ್ಕಿತು. ಆ ವರ್ಷ ಅವನ ಬ್ಯಾಟ್‌ಗೆ ಚೆಂಡು ತಾಗುವುದೇ ಅಪರೂಪವಾಗಿತ್ತು. 2025ರಲ್ಲಿ ದಿನಾ ಆಡಿ 16 ಹೋಮ್‌ರನ್ ಹೊಡೆದ. ದೊಡ್ಡ ಆಟಗಾರ ಆಗಲಿಕ್ಕಿಲ್ಲ, ಆದರೆ ನಗುವವರ ಬಾಯಿ ಮುಚ್ಚಿತು. ಸೀಸ್ ಕೊಟ್ಟು ತಂದ ಪಿಚರ್ ಡ್ರೂ ಥಾರ್ಪ್ ಕಥೆ ಉಲ್ಟಾ. ಶುರುವಿನಲ್ಲಿ ಎಲ್ಲರೂ ಮೆಚ್ಚಿದರು, 2025ರ ಮಾರ್ಚ್‌ನಲ್ಲಿ ಅವನ ಮೊಣಕೈಗೂ ಟಾಮಿ ಜಾನ್ ಆಯಿತು. ಪಿಚರ್ ಕೊಟ್ಟು ಪಿಚರ್ ತಂದರೆ ಈ ಅಪಾಯ ಯಾವಾಗಲೂ ಇದ್ದದ್ದೇ.

ಈಗ ರಾಬರ್ಟ್. ನಿಮ್ಮ ಪ್ರಶ್ನೆಯಲ್ಲಿ ನಿಜವಾಗಿ ತಲೆಕೆಡಿಸಿಕೊಳ್ಳಬೇಕಾದ ವ್ಯವಹಾರ ಇದು. 2023ರಲ್ಲಿ ಅವನು 145 ಪಂದ್ಯ ಆಡಿ 38 ಹೋಮ್‌ರನ್ ಹೊಡೆದ. ಸೆಂಟರ್ ಫೀಲ್ಡ್‌ನಲ್ಲಿ ಅದ್ಭುತ. ಅವನ ಒಪ್ಪಂದದಲ್ಲಿ ಇನ್ನೂ ಎರಡು ವರ್ಷ, ಅದರ ಮೇಲೆ ತಂಡ ಬೇಕಾದರೆ ಮುಂದುವರಿಸಬಹುದಾದ ಎರಡು ವರ್ಷ, ತಲಾ 20 ಮಿಲಿಯನ್‌ಗೆ. ಅಂದರೆ ಕೊಳ್ಳುವವನಿಗೆ ನಾಲ್ಕು ವರ್ಷ ಸಿಗುತ್ತಿತ್ತು, ಅದೂ ಮಾರುಕಟ್ಟೆಗಿಂತ ಅಗ್ಗವಾಗಿ. ಮಾರುವುದಿದ್ದರೆ ಆ ಚಳಿಗಾಲವೇ ಹೊತ್ತು. ಹೊಸದಾಗಿ ಬಂದಿದ್ದ ಜನರಲ್ ಮ್ಯಾನೇಜರ್ ಕ್ರಿಸ್ ಗೆಟ್ಸ್ ಮಾರಲಿಲ್ಲ. 2024ರಲ್ಲಿ ಸೊಂಟದ ಹತ್ತಿರ ಸ್ನಾಯು ಎಳೆದು ಆಡಿದ್ದು 100 ಪಂದ್ಯ, ಹೊಡೆದದ್ದು 14. 2025ರಲ್ಲೂ 14, ಆಗಸ್ಟ್ ಕೊನೆಗೆ ತೊಡೆಯ ಸ್ನಾಯು ಹೋಯಿತು. ಟ್ರೇಡ್ ಗಡುವಿನ ಹೊತ್ತಿಗೆ ಪ್ರತಿ ಜುಲೈನಲ್ಲೂ ‘ಈಗ ಮಾರುತ್ತಾರೆ’ ಅಂತ ಸುದ್ದಿ, ಪ್ರತಿ ಆಗಸ್ಟ್‌ನಲ್ಲೂ ಅವನು ಚಿಕಾಗೊದಲ್ಲೇ.

2025ರ ನವೆಂಬರ್‌ಗೆ ಗೆಟ್ಸ್ ಮುಂದೆ ಅತ್ತ ದರಿ, ಇತ್ತ ಪುಲಿ. 2 ಮಿಲಿಯನ್ ಕೊಟ್ಟು ಕೈಬಿಟ್ಟರೆ ಎಲ್ಲ ಮುಗಿಯಿತು, ಬದಲಿಗೆ ಏನೂ ಬರುವುದಿಲ್ಲ. 20 ಮಿಲಿಯನ್ ಕೊಟ್ಟು ಇಟ್ಟುಕೊಂಡರೆ, ಮತ್ತೆ ಗಾಯವಾದಾಗ ಆ ದುಡ್ಡೂ ಹೋಯಿತು. ಇಟ್ಟುಕೊಂಡರು, ಎರಡು ತಿಂಗಳು ಕಾದು ಮೆಟ್ಸ್‌ಗೆ ಕೊಟ್ಟರು. ಬಂದವರು ಲೂಯಿಸ್‌ಆಂಖೆಲ್ ಅಕುನ್ಯಾ ಮತ್ತು ಆಗಿನ್ನೂ ಮೈನರ್ ಲೀಗ್‌ನಲ್ಲಿದ್ದ, ಅಂದರೆ ಕೆಳಗಿನ ಹಂತದಲ್ಲಿದ್ದ, ಒಬ್ಬ ಪಿಚರ್. ಅಕುನ್ಯಾ ಅಟ್ಲಾಂಟಾದ ರೊನಾಲ್ಡ್ ಅಕುನ್ಯಾನ ತಮ್ಮ. ಓಟ ಚೆನ್ನಾಗಿದೆ, ಹಲವು ಜಾಗದಲ್ಲಿ ಆಡುತ್ತಾನೆ, ಬ್ಯಾಟ್ ಇನ್ನೂ ಸಾಬೀತಾಗಿಲ್ಲ. ಎರಡು ವರ್ಷ ಹಿಂದೆ ರಾಬರ್ಟ್‌ಗೆ ಬರುತ್ತಿದ್ದ ಬೆಲೆಯ ಮುಂದೆ ಇದು ಚಿಲ್ಲರೆ. ಆದರೆ 2026ರ ಜನವರಿಯ ರಾಬರ್ಟ್‌ಗೆ ಇದು ಮೋಸದ ಬೆಲೆಯಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತ ಬೈಯಬಹುದು. ಬಾಗಿಲು ಹಾಕಿದ್ದೇ ತಪ್ಪು ಅನ್ನಲು ಆಗುವುದಿಲ್ಲ.

ಮುರಕಾಮಿ ಯಾಕೆ ಬಂದ ಅನ್ನುವುದು ಈಗ ಸುಲಭವಾಗುತ್ತದೆ. ಮುನೆತಾಕ ಮುರಕಾಮಿ 2022ರಲ್ಲಿ, 22ನೇ ವಯಸ್ಸಿನಲ್ಲಿ, ಜಪಾನ್ ಲೀಗ್‌ನಲ್ಲಿ 56 ಹೋಮ್‌ರನ್ ಹೊಡೆದವನು. ಅಲ್ಲಿ ಹುಟ್ಟಿದ ಆಟಗಾರರಲ್ಲಿ ಅದು ದಾಖಲೆ. ಇವನಿಗೆ ನೂರು ಮಿಲಿಯನ್ ದಾಟುವ ಒಪ್ಪಂದ ಸಿಗುತ್ತದೆ ಅಂತ ಮಾತಿತ್ತು. ಸಿಕ್ಕಿದ್ದು ಎರಡು ವರ್ಷಕ್ಕೆ 34. ಅವನ ಹಳೇ ತಂಡ ಯಾಕುಲ್ಟ್ ಸ್ವಾಲೋಸ್‌ಗೆ ಕೊಡುವ 6.575 ಮಿಲಿಯನ್ ಶುಲ್ಕ ಬೇರೆ. ಯಾಕೆ ಬೆಲೆ ಬಿತ್ತು ಅಂದರೆ, ಬ್ಯಾಟ್ ಬೀಸುತ್ತಾನೆ, ಚೆಂಡು ತಪ್ಪಿಹೋಗುತ್ತದೆ. ಜೋರಾದ ಪಿಚಿಂಗ್ ಎದುರು ಈ ದೌರ್ಬಲ್ಯ ದೊಡ್ಡದಾಗುತ್ತದೆ ಅಂತ ದೊಡ್ಡ ತಂಡಗಳು ಹೆದರಿದವು. ನಾನಾದರೂ ಅವನಿಗೆ ಏಳು ವರ್ಷದ ಒಪ್ಪಂದ ಕೊಡುತ್ತಿರಲಿಲ್ಲ. ಎರಡು ವರ್ಷ ಅಂದರೆ ಕೊಡುತ್ತಿದ್ದೆ. ಹೊಡೆದರೆ 2027ರೊಳಗೆ ಅವನನ್ನು ಮಾರಬಹುದು ಅಥವಾ ಉಳಿಸಿಕೊಳ್ಳಬಹುದು. ಹೊಡೆಯದಿದ್ದರೆ ಎರಡು ವರ್ಷದಲ್ಲಿ ಋಣ ಹರಿಯುತ್ತದೆ.

ಸೋಲುತ್ತಿರುವ ತಂಡಕ್ಕೆ ಇರುವ ಒಂದೇ ಅನುಕೂಲ ಇದು. ಆಡಲು ಜಾಗ ಖಾಲಿ ಇರುತ್ತದೆ. ಗೆಲ್ಲುವ ತಂಡ ಮಾಡಲಾಗದ ಪ್ರಯೋಗ ಇವರು ಮಾಡಬಹುದು. 2023ರ ಡಿಸೆಂಬರ್‌ನಲ್ಲಿ ಕೊರಿಯಾದಿಂದ ಎರಿಕ್ ಫೆಡಿಯನ್ನು ಎರಡು ವರ್ಷಕ್ಕೆ 15 ಮಿಲಿಯನ್ ಕೊಟ್ಟು ತಂದರು. ಮುಂದಿನ ಜುಲೈನಲ್ಲಿ ಅವನ ಬೆಲೆ ಏರಿದಾಗಲೇ ಆ ಮೂವರ ಟ್ರೇಡ್ ಆಗಿದ್ದು. 2024ರ ಡಿಸೆಂಬರ್‌ನ ರೂಲ್ 5 ಡ್ರಾಫ್ಟ್‌ನಲ್ಲಿ (ಬೇರೆ ತಂಡದ ಮೈನರ್ ಲೀಗ್ ಆಟಗಾರರನ್ನು ಎತ್ತಿಕೊಳ್ಳುವ ಅವಕಾಶ) ಮಿಲ್ವಾಕಿಯಿಂದ ಪಿಚರ್ ಶೇನ್ ಸ್ಮಿತ್‌ನನ್ನು ಎತ್ತಿಕೊಂಡರು, ಬೆಲೆ ಒಂದು ಲಕ್ಷ ಡಾಲರ್. ಷರತ್ತು ಏನೆಂದರೆ ಇಡೀ ಸೀಸನ್ ಅವನನ್ನು 26 ಜನರ ತಂಡದಲ್ಲೇ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ವಾಪಸ್. ಪ್ಲೇಆಫ್ ಕನಸಿರುವ ತಂಡ ಒಂದು ಜಾಗವನ್ನು ಹೀಗೆ ಕಟ್ಟಿಹಾಕುವುದಿಲ್ಲ. ಸ್ಮಿತ್ ಲೀಗ್‌ನ ಅತ್ಯುತ್ತಮರು ಆಡುವ 2025ರ ಆಲ್‌ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದ! ಎಲ್ಲವೂ ಹೀಗೇ ಫಲಿಸುವುದಿಲ್ಲ ಬಿಡಿ. ಅದೇ ಚಳಿಗಾಲ 5 ಮಿಲಿಯನ್‌ಗೆ ತಂದ ಮಾರ್ಟಿನ್ ಪೆರೆಸ್ ಏಪ್ರಿಲ್‌ನಲ್ಲೇ ಕೈನೋವಿಗೆ ಬಿದ್ದ. ಜುಲೈಗೆ ಅವನನ್ನು ಯಾರಿಗೆ ಮಾರುವುದು?

ಇನ್ನೊಂದು ದಾರಿ ಕಾನ್ಸಸ್ ಸಿಟಿಯದು. ರಾಯಲ್ಸ್ 2023ರಲ್ಲಿ 106 ಸೋತು, ಮರುವರ್ಷ 86 ಗೆದ್ದು ಪ್ಲೇಆಫ್‌ಗೆ ಹೋಯಿತು. ಆ ಚಳಿಗಾಲದಲ್ಲಿ ಸೆತ್ ಲ್ಯೂಗೊ, ಮೈಕಲ್ ವಾಕಾ ಇಬ್ಬರು ಹಳೇ ಹುಲಿಗಳಂಥ ಪಿಚರ್‌ಗಳನ್ನು ಕೊಂಡರು. ಚಿಕಾಗೊದ ಅಭಿಮಾನಿಗಳು ಇದನ್ನೇ ತೋರಿಸಿ ‘ಅವರಿಗೆ ಆಗುತ್ತೆ, ನಿಮಗ್ಯಾಕೆ ಆಗಲ್ಲ’ ಅನ್ನುತ್ತಾರೆ. ಆದರೆ ರಾಯಲ್ಸ್ ಬಳಿ ಆಗಲೇ ಬಾಬಿ ವಿಟ್ ಜೂನಿಯರ್ ಇದ್ದ. ಅವನಿಗೆ 11 ವರ್ಷಕ್ಕೆ 288 ಮಿಲಿಯನ್ ಚಿಲ್ಲರೆ ಬರೆದುಕೊಟ್ಟರು. ನಡುಗಂಬ ನಿಂತ ಮೇಲೆ ಗೋಡೆ ಕೊಳ್ಳಬಹುದು. ನಡುಗಂಬವಿಲ್ಲದೆ 2024ರ ವೈಟ್ ಸಾಕ್ಸ್ ನಾಲ್ಕು ಪಿಚರ್‌ಗಳನ್ನು ಕೊಂಡಿದ್ದರೆ 121ರ ಬದಲು 105 ಸೋಲುತ್ತಿತ್ತು, ಅಷ್ಟೇ. ಅಂಥ ಕೊಳ್ಳುವಿಕೆಯಲ್ಲಿ ಇನ್ನೊಂದು ಅಪಾಯ, 32 ದಾಟಿದ ಪಿಚರ್‌ಗೆ ಮೂರು ವರ್ಷ ಕೊಟ್ಟರೆ ಮೂರನೇ ವರ್ಷ ಸಾಮಾನ್ಯವಾಗಿ ದಂಡ.

ಚಿಕಾಗೊದ ನಡುಗಂಬ ಯಾರು? ಇಲ್ಲಿ ನಿಮ್ಮ ಜೆರ್ಸಿ ಪ್ರಶ್ನೆಗೆ ಬರುತ್ತೇನೆ. ನನ್ನ ಆಯ್ಕೆ ಶಾರ್ಟ್‌ಸ್ಟಾಪ್ ಕೋಲ್ಸನ್ ಮಾಂಟ್‌ಗೊಮರಿ. (ಬ್ರೇಡನ್ ಮಾಂಟ್‌ಗೊಮರಿ ಬೇರೆ, ಅಂಗಡಿಯಲ್ಲಿ ಗೊಂದಲ ಮಾಡಿಕೊಳ್ಳಬೇಡಿ.) 2025ರ ಏಪ್ರಿಲ್‌ನಲ್ಲಿ ಅವನು ಮೈನರ್ ಲೀಗ್‌ನಲ್ಲೇ ಒದ್ದಾಡುತ್ತಿದ್ದ. ತಂಡ ಅವನನ್ನು ಪಂದ್ಯಗಳಿಂದ ಬಿಡಿಸಿ ಅರಿಜೋನಾದ ತರಬೇತಿ ಕೇಂದ್ರಕ್ಕೆ ಕಳಿಸಿತು. ಅಲ್ಲಿ ಬ್ಯಾಟಿಂಗ್ ಕೋಚ್‌ಗಳ ಜೊತೆ ಅವನ ಸ್ವಿಂಗ್ ಬಿಚ್ಚಿ ಮತ್ತೆ ಕಟ್ಟಿದರು. ಜುಲೈ 4ಕ್ಕೆ ಮೇಜರ್ ಲೀಗ್‌ಗೆ ಬಂದ, 71 ಪಂದ್ಯದಲ್ಲಿ 21 ಹೋಮ್‌ರನ್ ಹೊಡೆದ. ನನಗೆ ಈ ಇಡೀ ವ್ಯವಹಾರದಲ್ಲಿ ಭರವಸೆ ಕೊಟ್ಟ ಸಂಗತಿ ಇದು. ಹಿಂದಿನವರ ಕಾಲದಲ್ಲಿ ಹುಡುಗ ಎಡವಿದರೆ ಹಾಗೇ ಮೇಲಕ್ಕೆ ತಳ್ಳುತ್ತಿದ್ದರು. 2025ರ ಸೀಸನ್ ನಡುವಿನ ಆಲ್‌ಸ್ಟಾರ್ ಬಿಡುವಿನ ಮೊದಲು ತಂಡ 32 ಗೆದ್ದು 65 ಸೋತಿತ್ತು. ಆಮೇಲೆ 28 ಗೆದ್ದು 37 ಸೋತಿತು. ಗುಂಡಿ ಹತ್ತಿ ಬಂದಿಲ್ಲ, ಆದರೆ ಹತ್ತುತ್ತಿದ್ದಾರೆ.

ಸರ್ವಿಸ್ ಲೆಕ್ಕದಲ್ಲಿ ಮಾಂಟ್‌ಗೊಮರಿ 2031ರವರೆಗೆ ತಂಡದ ಕೈಯಲ್ಲಿ. ಟೀಲ್ ಕೂಡ ಅಷ್ಟೇ. ಟೀಲ್ ಹೆಸರಿನ ಜೆರ್ಸಿಗೆ ಸಣ್ಣ ಅಪಾಯ ಇದೆ. ಇಬ್ಬರು ಒಳ್ಳೆ ಕ್ಯಾಚರ್‌ಗಳಿದ್ದಾಗ ಒಬ್ಬನನ್ನು ಕೊಟ್ಟು ಪಿಚರ್ ತನ್ನಿ ಅನ್ನುವ ಒತ್ತಡ ಬಂದೇ ಬರುತ್ತದೆ. 2026ರಲ್ಲಿ ಇಬ್ಬರನ್ನೂ ಇಟ್ಟುಕೊಳ್ಳಬೇಕು ಅಂತ ನನ್ನ ಅಭಿಪ್ರಾಯ. ಕ್ಯಾಚರ್ ಮೊಣಕಾಲು ಯಾವತ್ತೂ ನಂಬಿಕೆಗೆ ಅರ್ಹವಲ್ಲ. ಮುರಕಾಮಿ ಜೆರ್ಸಿ ಚೆಂದ ಕಾಣುತ್ತದೆ, ಆದರೆ ಎರಡು ವರ್ಷದ್ದು ಅಂತ ಮಗನಿಗೆ ಮೊದಲೇ ಹೇಳಿಬಿಡಿ.

ಮಾಂಟ್‌ಗೊಮರಿಗೆ ಈಗಲೇ ದೊಡ್ಡ ಒಪ್ಪಂದ ಕೊಡಬೇಕಾ ಅನ್ನುವುದು ಗೆಟ್ಸ್ ಮುಂದಿರುವ ಅತಿ ಕಷ್ಟದ ಪ್ರಶ್ನೆ. ಈಗ ಕೊಟ್ಟರೆ ಅಗ್ಗ. ಇನ್ನೊಂದು ಒಳ್ಳೆ ಸೀಸನ್ ಆಡಿದರೆ ಬೆಲೆ ಎಲ್ಲಿಗೋ ಹೋಗುತ್ತದೆ. ಆದರೆ ಅವನೂ ಬ್ಯಾಟ್ ಬೀಸಿ ತಪ್ಪಿಸಿಕೊಳ್ಳುವವನೇ, ಆಡಿರುವುದು ಅರ್ಧ ಸೀಸನ್. ಇದೇ ತಂಡ ಹಿಂದೆ ಹಿಮೆನೆಸ್‌ಗೆ ಒಂದು ಪಂದ್ಯ ಆಡುವ ಮೊದಲೇ 43 ಮಿಲಿಯನ್ ಬರೆದುಕೊಟ್ಟಿತು, ರಾಬರ್ಟ್‌ಗೂ ಹಾಗೇ 50, ಮೊಂಕಾಡಾಗೆ 70. ಮೂರರಲ್ಲಿ ಒಂದೂ ಪೂರ್ತಿ ಫಲಿಸಲಿಲ್ಲ. ಕಚೇರಿಯಲ್ಲಿ ಆ ಗಾಯ ಇನ್ನೂ ಹಸಿಯಾಗಿರುತ್ತದೆ. ಆದರೂ ನಾನು ಏಜೆಂಟ್ ಕಡೆ ಕೂತು ನೋಡಿದ್ದು ಹೇಳುತ್ತೇನೆ. ಇಂಥ ಆಟಗಾರನಿಗೆ ಮೊದಲ ಪೂರ್ತಿ ಸೀಸನ್‌ಗೆ ಮುಂಚೆ ತಂಡ ಬಂದು ಬಾಗಿಲು ತಟ್ಟಿದರೆ ನಾವು ಕೂತು ಮಾತಾಡುತ್ತೇವೆ. ಎರಡು ಸೀಸನ್ ಆದ ಮೇಲೆ ಬಂದರೆ ಕಾಫಿ ಕೊಟ್ಟು ಕಳಿಸುತ್ತೇವೆ. ನಾನಾಗಿದ್ದರೆ 2026ರ ಸೀಸನ್‌ಗೆ ಮುಂಚಿನ ಅಭ್ಯಾಸದ ಹೊತ್ತಲ್ಲೇ (ಸ್ಪ್ರಿಂಗ್ ಟ್ರೇನಿಂಗ್) ಕೇಳುತ್ತಿದ್ದೆ.

ಕೊನೆಗೆ ದುಡ್ಡಿನ ಯಜಮಾನರ ಮಾತು. ಜೆರ್ರಿ ರೀನ್ಸ್‌ಡಾರ್ಫ್ 1981ರಿಂದ ತಂಡ ನಡೆಸುತ್ತಿದ್ದಾರೆ. 2025ರಲ್ಲಿ ಜಸ್ಟಿನ್ ಇಶ್ಬಿಯಾ ಜೊತೆ ಒಪ್ಪಂದ ಆಯಿತು. ಅದರ ಪ್ರಕಾರ 2029ರಿಂದ 2033ರ ನಡುವೆ ರೀನ್ಸ್‌ಡಾರ್ಫ್ ಬಯಸಿದರೆ ತಂಡವನ್ನು ಅವರಿಗೆ ಮಾರಬಹುದು. ಅಲ್ಲಿಯವರೆಗೆ ಕೈ ಬಿಗಿಯಾಗಿಯೇ ಇರುತ್ತದೆ ಅಂತ ಇಟ್ಟುಕೊಳ್ಳಿ. ಇದರ ಜೊತೆಗೆ ಲೀಗ್ ಮತ್ತು ಆಟಗಾರರ ಸಂಘದ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಸಂಬಳಕ್ಕೆ ಮಿತಿ ತರಬೇಕು ಅಂತ ಹಲವು ಮಾಲೀಕರ ಆಸೆ, ಸಂಘ ಅದಕ್ಕೆ ಸುತಾರಾಂ ಒಪ್ಪುವುದಿಲ್ಲ. ಹಾಗಾಗಿ ಮುಂದಿನ ಚಳಿಗಾಲ ಆಟಗಾರರನ್ನು ಕೊಳ್ಳುವ ಕೆಲಸ ತಿಂಗಳುಗಟ್ಟಲೆ ನಿಂತುಹೋಗುವ ಸಾಧ್ಯತೆ ಇದೆ. ನಿಂತರೆ, ವೈಟ್ ಸಾಕ್ಸ್ ಏನಾದರೂ ಕೊಳ್ಳಬೇಕೆಂದಿದ್ದರೆ ಅದು ನವೆಂಬರ್ ತಿಂಗಳೊಳಗೇ ಆಗಬೇಕು. ಆ ತಿಂಗಳು ಬೆನಿನ್‌ಟೆಂಡಿಗೆ ಕೊಟ್ಟದ್ದಕ್ಕಿಂತ ದೊಡ್ಡ ಒಪ್ಪಂದಕ್ಕೆ ಇವರು ಸಹಿ ಹಾಕುತ್ತಾರಾ ಇಲ್ಲವಾ ಅಂತ ಗಮನಿಸಿ. ಕಟ್ಟುತ್ತಿದ್ದಾರೋ ಕಾಲ ತಳ್ಳುತ್ತಿದ್ದಾರೋ ಅನ್ನುವುದು ನಿಮಗೂ ನನಗೂ ಆಗ ಗೊತ್ತಾಗುತ್ತದೆ.